ಭಾನುವಾರದ ಸಾಕ್ಷಿ

ನಾನು ಹೇಳಿದ ಒಂದು ಥ್ಯಾಂಕ್ಸ್‌ನಿಂದ ಒಬ್ಬ ಮನುಷ್ಯನ ಕೆಲಸ ಹೋಯಿತು.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಬೈದಿದ್ದರೆ ಬಹುಶಃ ಅವನ ಕೆಲಸ ಉಳಿಯುತ್ತಿತ್ತು. ಬೈಗುಳ ಯಾರಿಗೂ ಹೊಸದಲ್ಲ, ಕೇಳಿ ಒರೆಸಿಕೊಂಡು ಹೋಗುತ್ತಾರೆ. ನಾನು ಥ್ಯಾಂಕ್ಸ್ ಹೇಳಲು ಹೊರಟೆ. ಅಲ್ಲೇ ಎಡವಟ್ಟಾಯಿತು.

ಮೊದಲಿನಿಂದ ಹೇಳುತ್ತೇನೆ. (ಹಾಸ್ಟೆಲ್ ವಾರ್ಡನ್ ಆಗಿದ್ದವಳು ನಾನು. ಯಾವುದನ್ನೇ ಆಗಲಿ ಸಾಲಾಗಿ ನಿಲ್ಲಿಸದಿದ್ದರೆ ನನಗೆ ಊಟ ಸೇರುವುದಿಲ್ಲ.)

ನಮ್ಮ ಹಾಸ್ಟೆಲ್ಲಿನಲ್ಲಿ ಸಾರಮ್ಮ ಎಂಬ ಅಡುಗೆಯಾಕೆ ಇದ್ದಳು. ನಾನು ಬೆಳಗಿನ ಗಂಟೆ ಹೊಡೆಯುವ ಮೊದಲೇ ಒಲೆ ಹಚ್ಚಿರುತ್ತಿದ್ದಳು. "ತಟ್ಟೆ ಸದ್ದು ಮಾಡ್ದೋರ್ಗೆ ಉಪ್ಪಿಟ್ಟಿಲ್ಲ" ಎಂದು ಮಕ್ಕಳನ್ನು ಹೆದರಿಸುವುದು, ಆಮೇಲೆ ಸದ್ದು ಮಾಡಿದವರಿಗೇ ಎರಡನೇ ಸಲ ಬಡಿಸುವುದು. ನಿವೃತ್ತಿಯಾದ ಮೇಲೆ ಯಳಂದೂರು ಕಡೆ, ಹೊನ್ನೂರಿನ ಹತ್ತಿರ ಮಗಳ ಮನೆ ಸೇರಿದ್ದಾಳೆ.

ಈ ಸಲ ಕಬ್ಬು ಕಡಿಯುವ ಕಾಲ ಶುರುವಾಗುವ ಹೊತ್ತಿಗೆ ಸಾರಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಮೈಸೂರಿನಲ್ಲಿ ಆಪರೇಷನ್. ಅಡ್ಮಿಟ್ ಆಗಬೇಕಾದ ದಿನ ಬೆಳಿಗ್ಗೆ ಮಗಳ ಫೋನ್ ಬಂತು.

"ಟೀಚರಮ್ಮ, ಅವ್ವ ಮಂಚದ ಕಾಲು ಇಡ್ಕಂಡು ಕುಂತವ್ಳೆ. ಮಧ್ಯಾನ್ಕೆ ಕಾರ್ ಬತ್ತದೆ. ನಾ ಓಗಾಕಿಲ್ಲ, ಸತ್ರೆ ಇಲ್ಲೇ ಸಾಯ್ತೀನಿ ಅಂತ ಒಂದೇ ಅಟ. ನೀವು ಬಂದು ಏಳುದ್ರೆ ಕೇಳ್ತಾಳೆ, ಬೇರೆ ಯಾರ್ ಮಾತೂ ಕೇಳಾಕಿಲ್ಲ."

ಅವತ್ತು ಶನಿವಾರ. ಶನಿವಾರ ಎಂದರೆ ಕೊಳ್ಳೇಗಾಲದ ನಮ್ಮ ಚರ್ಚ್ ಸಭೆಯ ಕ್ವಯರ್, ಅಂದರೆ ಹಾಡುವ ತಂಡದ ಪ್ರಾಕ್ಟೀಸ್. ಯಾವ ಕಾರಣಕ್ಕೂ ಅದನ್ನು ತಪ್ಪಿಸುವಂತಿಲ್ಲ ಎಂದು ನಿಯಮ ಮಾಡಿದವಳೇ ನಾನು. ಏನು ಮಾಡುವುದು? ಪ್ರಾಕ್ಟೀಸನ್ನು ರದ್ದು ಮಾಡಲಿಲ್ಲ. ಪ್ರಾಕ್ಟೀಸನ್ನೇ ಹೊನ್ನೂರಿಗೆ ಸಾಗಿಸಿದೆ. ಹಾರ್ಮೋನಿಯಂ ಸಮೇತ ಎಲ್ಲರೂ ಡೇನಿಯಲ್‌ನ ಟೆಂಪೋ ಹತ್ತಿದೆವು. (ಡೇನಿಯಲ್ ನಮ್ಮ ಕ್ವಯರ್‌ನ ಗಟ್ಟಿ ಗಂಟಲು. ಬಾಡಿಗೆ ಟೆಂಪೋ ಇರುವುದೂ ಅವನೊಬ್ಬನಿಗೇ.)

ಹೊನ್ನೂರು ಹತ್ತಿರ ಬರುತ್ತಿದ್ದಂತೆ ಡೇನಿಯಲ್‌ಗೆ ಶಾರ್ಟ್‌ಕಟ್ ಹೊಳೆಯಿತು. ಗದ್ದೆ ನಡುವಿನ ರಸ್ತೆ. ಕಾಲುವೆ ನೀರು ಅದರ ಮೇಲೆಲ್ಲ ಹರಿದಿತ್ತು. ಟೆಂಪೋದ ಒಂದು ಕಡೆಯ ಚಕ್ರಗಳು ಮೆಲ್ಲಗೆ ಅಂಚಿಗೆ ಸರಿದು, ಕೆಸರಿನಲ್ಲಿ ಕೂತವು. ಕೂತವು ಎಂದರೆ ಎಮ್ಮೆ ಕೂತ ಹಾಗೆ.

"ಡೇನಿಯಲಣ್ಣ, ಶಾರ್ಟ್‌ಕಟ್ ಅಂದ್ಯಲ್ಲ, ಎಲ್ಲಿಗೆ? ಪರಲೋಕಕ್ಕಾ?" ಎಂದು ಕ್ವಯರ್ ಹುಡುಗಿಯೊಬ್ಬಳು ಕೇಳಿದಳು.

"ಇಳ್ದು ತಳ್ಳವ್ವ, ಮಾತಾಡ್ಬೇಡ."

ಇಳಿದೆವು. ತಳ್ಳಿದೆವು. ಚಕ್ರ ತಿರುಗಿದಷ್ಟೂ ಕೆಸರು ನಮ್ಮ ಮೇಲೆ ಬಂತೇ ಹೊರತು ಟೆಂಪೋ ಮೇಲೆ ಬರಲಿಲ್ಲ. ಒಂದು ಜೀಪು ಹೋಯಿತು. ಹಾಲಿನ ವ್ಯಾನ್ ಹೋಯಿತು. ಎಲ್ಲರೂ ನೋಡಿದರು, ನಕ್ಕರು, ಹೋದರು. ಕ್ವಯರ್‌ನಲ್ಲಿ ಗೊಣಗಾಟ ಶುರುವಾಯಿತು. ಯಾರು ಬರಲು ಹೇಳಿದ್ದು, ಯಾಕೆ ಬರಬೇಕಿತ್ತು, ಯಾರ ಸೀರೆ ಎಷ್ಟು ಹೊಸದು, ಎಲ್ಲವೂ.

ನನಗೆ ಗೊಣಗಾಟ ಕೇಳಿದರೆ ಕೈ ತಾನಾಗಿ ಗಂಟೆ ಹುಡುಕುತ್ತದೆ. ಗಂಟೆ ಇರಲಿಲ್ಲ. ಚಪ್ಪಾಳೆ ತಟ್ಟಿದೆ.

"ಸುಮ್ಮನೆ ನಿಂತು ಏನು ಮಾಡುತ್ತೀರಿ? ಇವತ್ತು ಪ್ರಾಕ್ಟೀಸ್ ದಿನ ತಾನೆ? ಸಾಲಾಗಿ ನಿಲ್ಲಿ. ಹಾಡಿ."

ಎಲ್ಲರೂ ನನ್ನ ಮುಖ ನೋಡಿದರು. ಬೇರೆ ದಾರಿ ಇರಲಿಲ್ಲ. ಹಾರ್ಮೋನಿಯಂ ಅನ್ನು ಟೆಂಪೋದ ಬಾನೆಟ್ ಮೇಲೆ ಇಟ್ಟು, ಮೊಣಕಾಲಿನವರೆಗೆ ಕೆಸರಲ್ಲಿ ನಿಂತು, ದೇವರ ಉಪಕಾರಗಳನ್ನು ಕುರಿತ ಹಾಡನ್ನು ಶುರು ಮಾಡಿದರು. ಮೊದಲ ಚರಣ ಸಿಟ್ಟಿನಲ್ಲಿ ಹೋಯಿತು. ಎರಡನೆಯದರಲ್ಲಿ ಯಾರೋ ಜಾರಿ ಬಿದ್ದರು. ಆಮೇಲೆ ನಗುತ್ತ ಹಾಡಿದರು.

ಆಗ ಬಂತು ನೋಡಿ, ಕಬ್ಬಿನ ಟ್ರಾಕ್ಟರ್. ಹಿಂದೆ ಎರಡು ಟ್ರೇಲರ್, ಮೇಲೆ ಬೆಟ್ಟದಷ್ಟು ಕಬ್ಬು. ನಮ್ಮನ್ನು ದಾಟಿ ಮುಂದೆ ಹೋಯಿತು. ಇವನೂ ಹೋದ ಎಂದುಕೊಂಡೆ. ಸ್ವಲ್ಪ ದೂರದಲ್ಲಿ ನಿಂತಿತು. ತಲೆಗೆ ಟವೆಲ್ ಸುತ್ತಿದ ಒಬ್ಬ ತೆಳ್ಳನೆಯ ಮನುಷ್ಯ ಇಳಿದು ಬಂದ.

"ಯಾರ್ದವ್ವ ದಿಬ್ಬಣ? ಗದ್ದೆಗ್ ಇಳ್ಬುಟ್ಟದೆ?"

ಆಪರೇಷನ್ ವಿಷಯ ಹೇಳಿದೆ. ಅಜ್ಜಿ ಹಟ ಹಿಡಿದು ಕೂತಿದ್ದಾಳೆ, ಮಧ್ಯಾಹ್ನಕ್ಕೆ ಕಾರು ಬರುತ್ತದೆ ಎಂದೆ. ಅವನು ಮತ್ತೇನೂ ಕೇಳಲಿಲ್ಲ. ಟ್ರೇಲರ್ ಚಕ್ರಗಳಿಗೆ ಕಲ್ಲು ಕೊಟ್ಟ. ಕೊಂಡಿ ಬಿಡಿಸಿದ. ಬರೀ ಟ್ರಾಕ್ಟರನ್ನು ಹಿಂದಕ್ಕೆ ತಂದು, ಸರಪಳಿ ಕಟ್ಟಿ, ಒಂದೇ ಹದದಲ್ಲಿ ಎಳೆದ. ಟೆಂಪೋ ಮೇಲೆ ಬಂದು ನಿಂತಿತು, ಒಂದು ಗೀರೂ ಇಲ್ಲ.

"ಅಚ್ಚುಕಟ್ಟಾಗಿ ಎಳೆದೆ ಕಣಪ್ಪ" ಎಂದೆ.

ಅವನು ನಕ್ಕ. ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಓಗಿ ಓಗಿ, ಅಜ್ಜಿ ಕಾಯ್ತಾ ಅದೆ" ಎಂದು ನಮ್ಮನ್ನೇ ಅವಸರಪಡಿಸಿದ. ಟ್ರೇಲರ್‌ಗಳನ್ನು ಮತ್ತೆ ಸಿಕ್ಕಿಸುವುದು ಸಣ್ಣ ಕೆಲಸವಲ್ಲ. ಅದಕ್ಕೆ ನಾವು ನಿಲ್ಲುತ್ತೇವೆ ಎಂದರೂ ಕೇಳಲಿಲ್ಲ. ಹೆಸರು ಕೇಳುವುದು ಮರೆತೇ ಹೋಯಿತು. ಡೇನಿಯಲ್ ಮಾತ್ರ ಹಿಂದಿನ ಟ್ರೇಲರ್‌ನ ಒಂದು ಫೋಟೋ ತೆಗೆದುಕೊಂಡ. ಅದರ ಹಲಗೆಯ ಮೇಲೆ ಮಾದಪ್ಪ ದೇವರ ಹೆಸರು, ಅದರ ಕೆಳಗೆ ಕುಂತೂರು ಗುರುಮಲ್ಲಪ್ಪ ಎಂದು ಮಾಲೀಕರ ಹೆಸರು, ಒಂದು ಫೋನ್ ನಂಬರು.

ನಾವು ಬಾಗಿಲಲ್ಲಿ ನಿಂತಾಗ ಸಾರಮ್ಮ ಮಂಚದ ಕಾಲನ್ನು ಬಿಟ್ಟಿರಲಿಲ್ಲ. ತಲೆ ಎತ್ತಿ ನೋಡಿದಳು. ಅಡಿಯಿಂದ ಮುಡಿಯವರೆಗೆ ಕೆಸರು ಬಳಿದುಕೊಂಡ ಕ್ವಯರ್!

"ಅಯ್ಯೋ ನಿಮ್ ಮನೆ ಕಾಯೋಗ! ಏನ್ರವ್ವ ಇದು, ನಾಟಿಗ್ ಓಗಿದ್ರಾ?"

ಎಂದವಳೇ ನಕ್ಕಳು. ವಾರದಿಂದ ನಕ್ಕಿರಲಿಲ್ಲ ಎಂದು ಮಗಳು ಆಮೇಲೆ ಹೇಳಿದಳು. ಧೈರ್ಯ ತುಂಬಲು ನಾನು ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಅದರ ಅರ್ಧ ಕೆಲಸವನ್ನು ಕೆಸರೇ ಮುಗಿಸಿತ್ತು. ಹಾಡಿದೆವು. ಪ್ರಾರ್ಥನೆ ಮಾಡಿದೆವು. ಕೊನೆಗೆ ನಾನು ಹೇಳಿದ್ದು ಒಂದೇ ಮಾತು.

"ಸಾರಮ್ಮ, ಗಂಟೆ ಹೊಡೆದಾಯಿತು. ಏಳು."

"ಈ ಟೀಚರಮ್ಮ ಸಾಯಕೂ ಬುಡಾಕಿಲ್ಲ" ಎಂದು ಬೈಯುತ್ತ ಎದ್ದಳು. ಕಾರು ಬಂತು, ಹೋದಳು. ಗಡ್ಡೆ ತೆಗೆದರು. ಕೆಟ್ಟ ಗಡ್ಡೆ ಅಲ್ಲ ಎಂದು ಡಾಕ್ಟರ್ ಹೇಳಿದರು. ದೇವರಿಗೆ ಸ್ತೋತ್ರ.

ಇಷ್ಟಕ್ಕೇ ನಿಂತಿದ್ದರೆ ಈ ಅಂಕಣವೂ ಇಲ್ಲಿಗೇ ನಿಲ್ಲುತ್ತಿತ್ತು.

ನಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆ ಬೆಳೆ ಹಬ್ಬ ಮಾಡುತ್ತೇವೆ. ಜನ ತಮ್ಮ ಹಿತ್ತಲು, ಹೊಲದ ಬೆಳೆಯಲ್ಲಿ ಒಂದಿಷ್ಟು ತಂದು ದೇವರ ಮುಂದೆ ಇಡುತ್ತಾರೆ. ಆಮೇಲೆ ಅದರ ಹರಾಜು, ಊಟ. ಇವೆಲ್ಲಕ್ಕೂ ಮೊದಲು ಸಾಕ್ಷಿ. ಸಾಕ್ಷಿ ಹೇಳುವುದು ಎಂದರೆ ಆ ವರ್ಷ ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಎದ್ದು ನಿಂತು ಹೇಳುವುದು. ಕ್ರೈಸ್ತರ ಮನೆಯಲ್ಲಿ ಹುಟ್ಟಿದವರಿಗೆ ಈ ಮಾತು ಅನ್ನ, ಸಾರು ಇದ್ದ ಹಾಗೆ. ಅದಕ್ಕೆ ಬೇರೆ ಅರ್ಥ ಇದೆ ಎಂಬುದೇ ನಮಗೆ ಮರೆತಿರುತ್ತದೆ.

ಸಾರಮ್ಮ ಚೇತರಿಸಿಕೊಂಡು ಮನೆಗೆ ಬಂದಿದ್ದಳು. ಸಾಕ್ಷಿ ಹೇಳಲು ಬರುತ್ತೇನೆ ಎಂದಳು. ಆದರೆ ಒಂದು ಕಂಡೀಷನ್.

"ಆ ಟ್ರಾಕ್ಟ್ರು ಮಗ ಬರ್ಬೇಕು. ಅವ್ನಿಲ್ದೆ ನಾ ಬಾಯ್ ಬುಡಾಕಿಲ್ಲ. ದೇವ್ರಿಗೆ ಏಳ್ಬುಟ್ಟು ಅವ್ನಿಗೆ ಏಳ್ದೆ ಓದ್ರೆ ದೇವ್ರೇ ಉಗೀತಾನೆ."

ಸರಿಯಾದ ಮಾತು. ಕೂಡಲೇ ಡೇನಿಯಲ್‌ನ ಫೋಟೋ ನೋಡಿ ಕುಂತೂರಿಗೆ ಫೋನ್ ಹಚ್ಚಿದೆ. ನಾನು ಫೋನಿನಲ್ಲಿ ಹೆಚ್ಚು ಮಾತಾಡುವವಳಲ್ಲ. ವಿಷಯ, ಸ್ಥಳ, ಸಮಯ, ಅಷ್ಟೇ.

"ಗುರುಮಲ್ಲಪ್ಪನವರಾ?"

"ಊಂ, ಯಾರು?"

"ಕೊಳ್ಳೇಗಾಲದಿಂದ ಮಾತಾಡ್ತಿದ್ದೇನೆ. ಹೊನ್ನೂರು ಗದ್ದೆ ರಸ್ತೆಯಲ್ಲಿ ಒಂದು ಟೆಂಪೋ ವಿಷಯ. ಅವತ್ತು ನಿಮ್ಮ ಟ್ರಾಕ್ಟರ್ ಅಲ್ಲಿತ್ತು. ಡ್ರೈವರ್ ಹೆಸರೇನು?"

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು.

"ಮಾದೇಶ ಅಂತ. ಯಾಕ್ ಮೇಡಂ?"

"ಭಾನುವಾರ ಸಾಕ್ಷಿ ಇದೆ. ಮಾದೇಶ ಅವರು ಖುದ್ದು ಹಾಜರಿರಬೇಕು. ನೀವೂ ಬಂದರೆ ಒಳ್ಳೆಯದು. ತಡವಾಗಿ ಬರುವ ಹಾಗಿಲ್ಲ."

"ಆಗ್ಲಿ ಮೇಡಂ."

ದನಿ ಬಾವಿಯೊಳಗಿಂದ ಬಂದಂತಿತ್ತು. ಎಷ್ಟು ವಿನಯದ ಮನುಷ್ಯ ಎಂದುಕೊಂಡು ಫೋನ್ ಇಟ್ಟೆ.

ಗುರುವಾರ ಮತ್ತೆ ಮಾಡಿದೆ. (ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುವುದು ಹಾಸ್ಟೆಲ್ ಅಭ್ಯಾಸ.) ಈ ಸಲ ಗುರುಮಲ್ಲಪ್ಪನವರು ನನಗಿಂತ ಮೊದಲೇ ಮಾತು ಶುರು ಮಾಡಿದರು.

"ಮೇಡಂ, ಅವುನ್ನ ಕೆಲ್ಸದಿಂದ ಬುಡುಸ್ಬುಟ್ಟಿವ್ನಿ. ಅವ್ನ ಕೇಸ್ಗೂ ನಮ್ಗೂ ಸಂಬಂದ ಇಲ್ಲ. ಟ್ರೇಲರ್ ಪೇಪರ್ ಈ ವಾರದಲ್ಲೇ ಸರಿ ಮಾಡುಸ್ತೀನಿ."

"ಯಾವ ಕೇಸು?"

"ನೀವೇ ಏಳುದ್ರಲ್ಲ ಮೇಡಂ. ಸಾಕ್ಷಿ ಅಂತ. ಖುದ್ದು ಆಜರಿ ಅಂತ."

ಆಗ ತಲೆಗೆ ಹೋಯಿತು. ಕೊಳ್ಳೇಗಾಲದಿಂದ ಒಬ್ಬ ಹೆಂಗಸು ಗಟ್ಟಿ ದನಿಯಲ್ಲಿ ಫೋನ್ ಮಾಡಿ, ಟೆಂಪೋ ವಿಷಯ, ಡ್ರೈವರ್ ಹೆಸರು, ಸಾಕ್ಷಿ ಎಂದರೆ ಕೇಳಿದವರಿಗೆ ಚರ್ಚ್ ನೆನಪಾಗುತ್ತದೆಯೇ? ಕೋರ್ಟ್ ನೆನಪಾಗುತ್ತದೆ. ಭಾನುವಾರ ಕೋರ್ಟಿಗೆ ರಜೆ ತಾನೆ ಎಂದು ನೀವು ಕೇಳಬಹುದು. ಹೆದರಿದವನಿಗೆ ಕ್ಯಾಲೆಂಡರ್ ಕಾಣುತ್ತದೆಯೇ?

ಕಬ್ಬು ಅರೆಯುವ ಕಾಲ ಎಂದರೆ ಟ್ರಾಕ್ಟರ್ ಡ್ರೈವರ್‌ಗಳಿಗೆ ವರ್ಷದ ಸಂಪಾದನೆಯ ಕಾಲ. ಆ ಕಾಲದ ನಡುವೆ ಒಬ್ಬನ ಕೈಯಿಂದ ಕೀಲಿ ಕಿತ್ತುಕೊಂಡಿದ್ದಾರೆ. ಅವನು ಮಾಡಿದ ತಪ್ಪು? ನಮ್ಮನ್ನು ಕೆಸರಿನಿಂದ ಎಳೆದದ್ದು. ನನ್ನ ತಪ್ಪು? ಅದಕ್ಕೆ ಥ್ಯಾಂಕ್ಸ್ ಹೇಳಲು ಹೊರಟದ್ದು.

ಫೋನಿನಲ್ಲಿ ವಿವರಿಸುವ ಧೈರ್ಯ ನನಗೆ ಇರಲಿಲ್ಲ. ಆ ಫೋನೇ ಇಷ್ಟೆಲ್ಲ ಮಾಡಿತ್ತು. ಡೇನಿಯಲ್‌ನನ್ನು ಕರೆದೆ. "ಕುಂತೂರಿಗೆ ನಡಿ. ಶಾರ್ಟ್‌ಕಟ್ ಬೇಡ."

ಕುಂತೂರಿನಲ್ಲಿ ಸಕ್ಕರೆ ಫ್ಯಾಕ್ಟರಿ ಕಡೆಗೆ ಕಬ್ಬಿನ ಟ್ರಾಕ್ಟರ್‌ಗಳು ಸಾಲುಗಟ್ಟಿ ನಿಂತಿದ್ದವು. ಗುರುಮಲ್ಲಪ್ಪನವರ ಟ್ರಾಕ್ಟರ್ ಮಾತ್ರ ಅವರ ಮನೆಯ ಮುಂದೆಯೇ ಇತ್ತು. ಹಣೆ ತುಂಬ ವಿಭೂತಿಯ, ದೊಡ್ಡ ಮೀಸೆಯ ಮನುಷ್ಯ. ನನ್ನನ್ನು ನೋಡಿದ ಕೂಡಲೇ ತಾವೇ ಕುರ್ಚಿ ಹಾಕಿ, ಒಳಗೆ ಕಾಫಿಗೆ ಕೂಗಿ ಹೇಳಿದರು.

"ಎಲ್ಲಿ ಗುದ್ದವ್ನೆ ಅಂತ ಏಳಿ ಮೇಡಂ. ಕುಂತು ಬಗೆ ಅರುಸ್ಕಳವ. ಕೋರ್ಟ್ ಗೀರ್ಟ್ ಯಾಕೆ?"

"ಗುದ್ದಿಲ್ಲ. ಎಳೆದಿದ್ದಾರೆ."

ಗುರುಮಲ್ಲಪ್ಪನವರ ಕಣ್ಣು ಅಗಲವಾಯಿತು. ದೃಷ್ಟಿ ನೇರವಾಗಿ ನನ್ನ ಕುತ್ತಿಗೆಗೆ ಹೋಯಿತು.

"ಸರ ಎಳ್ದನಾ?!"

ಡೇನಿಯಲ್ ನಗು ತಡೆಯಲಾಗದೆ ಕಾಫಿ ಉಗುಳಿದ.

"ಟೆಂಪೋ ಎಳೆದಿದ್ದಾರೆ ಸ್ವಾಮಿ! ಕೆಸರಿನಿಂದ!"

ಎಲ್ಲವನ್ನೂ ಹೇಳಿದೆ. ಸಾರಮ್ಮ, ಆಪರೇಷನ್, ಬೆಳೆ ಹಬ್ಬ, ನಮ್ಮ ಭಾಷೆಯ ಸಾಕ್ಷಿ. ಅವರು ಮೀಸೆ ಮುಟ್ಟಿಕೊಳ್ಳುತ್ತ ಕೇಳಿದರು.

"ಅದ್ನೇ ಅವ್ನೂ ಏಳ್ದ ಮೇಡಂ. ಸಾವ್ಕಾರ್ರೆ, ನಾನ್ ಸಾಯ ಮಾಡಿವ್ನಿ ಅಷ್ಟೆಯ, ಬೇರೆ ಏನೂ ಮಾಡಿಲ್ಲ ಅಂದ. ನಾನು, ಸಾಯ ಮಾಡ್ದೋನ್ಗೆ ಯಾರ್ಲಾ ಫೋನ್ ಮಾಡ್ತಾರೆ ಅಂದೆ."

ಕಾಫಿ ಲೋಟವನ್ನು ಕೆಳಗಿಟ್ಟೆ.

ಓದುಗರೇ, ಅವರು ಹೇಳಿದ್ದು ಸುಳ್ಳಲ್ಲ. ಕರೆಂಟ್ ಹೋದರೆ ಫೋನ್ ಮಾಡುತ್ತೇವೆ. ಬಸ್ ನಿಲ್ಲಿಸದಿದ್ದರೆ ಮಾಡುತ್ತೇವೆ. ಹಾಲು ಒಡೆದಿದ್ದರೆ ಮಾಡುತ್ತೇವೆ. ದಿನವೂ ಒಡೆಯದ ಹಾಲು ಕೊಟ್ಟವನಿಗೆ ಒಮ್ಮೆಯಾದರೂ ಮಾಡಿದ್ದೇವೆಯೇ? ಗುರುಮಲ್ಲಪ್ಪನವರು ಕಟುಕರಲ್ಲ. ಅವರು ನೋಡಿದ ಲೋಕದಲ್ಲಿ ಅಪರಿಚಿತರ ಫೋನ್ ಎಂದರೆ ದೂರು. ಅಷ್ಟೇ.

"ಅವತ್ತು ಫ್ಯಾಕ್ಟ್ರೀಲಿ ಸರದಿ ಬೇರೆ ತಪ್ಪ್‌ಸ್ಕಂಡಿದ್ದ" ಎಂದು ಅವರು ನಿಧಾನವಾಗಿ ಹೇಳಿದರು. "ಯಾಕ್ಲಾ ಲೇಟು ಅಂದೆ. ಬಾಯಿ ಬುಡ್ನಿಲ್ಲ. ಬೈದೆ. ಸುಮ್ನೆ ಬೈಸ್ಕಂಡ."

ಎದ್ದರು. ಗೂಟದಲ್ಲಿ ನೇತುಹಾಕಿದ್ದ ಟ್ರಾಕ್ಟರ್ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು.

"ಅವನೂರು ಬಂಡಳ್ಳಿ. ನಡೀರಿ, ನಾನೂ ಬತ್ತೀನಿ. ಕಳುಸ್ದೋನು ನಾನು, ಕರಿಯೋನೂ ನಾನೇ ಆಗ್ಬೇಕು."

ಹನೂರು ದಾಟಿ ಬಂಡಳ್ಳಿ ತಲುಪಿದೆವು. ಮಾದೇಶನ ಮನೆ ಊರಂಚಿಗೆ. ಟೆಂಪೋ ನಿಂತ ಸದ್ದಿಗೆ ಅವನ ತಾಯಿ ಹೊರಗೆ ಬಂದು, ನಾವು ಬಾಯಿ ತೆರೆಯುವ ಮೊದಲೇ ಹೇಳಿದರು.

"ಇಲ್ಲ ಕಣವ್ವ. ನನ್ ಮಗ ಊರಲ್ಲೇ ಇಲ್ಲ. ಎಲ್ಲಿಗೋದ ಅಂತ ನಂಗ್ ಗೊತ್ತಿಲ್ಲ."

ಗುರುಮಲ್ಲಪ್ಪನವರು ತಮ್ಮ ಮೊಬೈಲ್ ತೆಗೆದು ಮಾದೇಶನ ನಂಬರ್ ಒತ್ತಿದರು. ಮನೆಯ ಪಕ್ಕದ ಹುಲ್ಲಿನ ಮೆದೆಯ ಹಿಂದಿನಿಂದ ಮಾದಪ್ಪನ ಹಾಡು ಜೋರಾಗಿ ಕೇಳಿಸಿತು.

"ಬಾರ್ಲಾ ಈಚ್ಗೆ. ನಿನ್ ಮಾದಪ್ಪನೇ ಇಡ್ಕೊಟ್ಟ."

ತಲೆ ತುಂಬ ಹುಲ್ಲು ಹೊತ್ತುಕೊಂಡು ಮಾದೇಶ ಬಂದ. ಕೈ ಮುಗಿದೇ ಬಂದ.

"ಸಾವ್ಕಾರ್ರೆ, ನಾನ್ ಏನೂ ನೋಡಿಲ್ಲ. ಟೆಂಪೋನೇ ನೋಡಿಲ್ಲ."

"ನನ್ನನ್ನೂ ನೋಡಿಲ್ವೇನಪ್ಪ?" ಎಂದೆ.

ನನ್ನ ಕಡೆ ತಿರುಗಿದ. ಗುರುತು ಹಿಡಿದ. ಮುಖದಲ್ಲಿ ನಗು ಬಂದು, ಅರ್ಧದಲ್ಲೇ ನಿಂತಿತು.

"ನಿಮ್ಮುನ್ನ ನೋಡಿವ್ನಿ ಮೇಡಮ್ಮೋರೇ. ಆದ್ರೆ ಕೋರ್ಟ್ನಲ್ಲಿ ನೋಡಿಲ್ಲ ಅಂತೀನಿ. ತಪ್ಪು ತಿಳ್ಕಬ್ಯಾಡಿ."

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವ್ರಪ್ಪ ಒಂದ್ ದಾರಿ ಜಗಳಕ್ಕೆ ಸಾಕ್ಷಿ ಏಳಕ್ ಓಗಿ, ವಾಯ್ದೆ ವಾಯ್ದೆ ಅಂತ ಕೋರ್ಟ್‌ಗೆ ಅಲ್ದು ಅಲ್ದು, ಬಸ್ ಚಾರ್ಜ್‌ಗೆ ಎಮ್ಮೆ ಮಾರ್ದ ಕಣವ್ವ. ಅದ್ಕೇ ಇವ್ನ್ಗೆ ಆ ಮಾತು ಅಂದ್ರೆ ಜರ ಬತ್ತದೆ."

ಅಂಗಳದಲ್ಲೇ ಕೂತು ಮತ್ತೆ ಎಲ್ಲವನ್ನೂ ಹೇಳಿದೆ. ಈ ಸಲ ಸಾಕ್ಷಿ ಎಂಬ ಪದವನ್ನೇ ಬಳಸಲಿಲ್ಲ. "ಆ ಅಜ್ಜಿ ಬದುಕಿದೆ. ನಿನ್ನನ್ನು ನೋಡಬೇಕಂತೆ. ನಿನಗೆ ನಾಲ್ಕು ಜನರ ಮುಂದೆ ಥ್ಯಾಂಕ್ಸ್ ಹೇಳಬೇಕಂತೆ" ಎಂದೆ.

"ಅಷ್ಟೆಯಾ?"

"ಅಷ್ಟೇ."

"ಸೈನ್ ಆಕ್ಬೇಕಾ?"

"ಬೇಡ. ಊಟ ಮಾಡಬೇಕು."

ಗುರುಮಲ್ಲಪ್ಪನವರು ಜೇಬಿನಿಂದ ಕೀಲಿ ತೆಗೆದು ಚಾಚಿದರು. ಮುಖ ಮಾತ್ರ ಬೇರೆ ಕಡೆ ತಿರುಗಿತ್ತು. "ತಕ. ನಾಳಿಂದ ಬಾ. ಟ್ರಾಕ್ಟ್ರು ನಿನ್ನ ಬುಟ್ಟು ಬೇರೆಯೋರ್ ಮಾತ್ ಕೇಳಾಕಿಲ್ಲ."

ಮಾದೇಶ ಕೀಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ತಾಯಿ ಒಳಗೆ ಹೋಗಿ ನಮಗೆಲ್ಲ ಮಜ್ಜಿಗೆ ತಂದರು. ಅಷ್ಟು ರುಚಿಯ ಮಜ್ಜಿಗೆಯನ್ನು ನಾನು ಕುಡಿದೇ ಇಲ್ಲ.

ಟೆಂಪೋ ಹತ್ತುವಾಗ ಗುರುಮಲ್ಲಪ್ಪನವರು ಮೆಲ್ಲಗೆ ಕೇಳಿದರು. "ಮೇಡಂ, ನಾನೂ ಬರ್ಬೋದಾ? ವಿಭೂತಿ ಅಳುಸ್ಬೇಕಾ?"

"ವಿಭೂತಿ ಇಟ್ಟುಕೊಂಡೇ ಬನ್ನಿ. ನಿಮಗೆ ಸಸ್ಯಾಹಾರದ ಪಂಕ್ತಿ ಬೇರೆ ಇದೆ."

ಭಾನುವಾರ ಇಬ್ಬರೂ ಎಲ್ಲರಿಗಿಂತ ಮೊದಲು ಬಂದಿದ್ದರು. ಮಾದೇಶ ಇಸ್ತ್ರಿ ಮಾಡಿದ ಬಿಳಿ ಶರ್ಟ್ ತೊಟ್ಟಿದ್ದ. ಗುರುಮಲ್ಲಪ್ಪನವರ ಕೈಯಲ್ಲಿ ಒಂದು ಹೊರೆ ಕಬ್ಬು. ಹಬ್ಬ ಎಂದ ಮೇಲೆ ಬರಿಗೈಯಲ್ಲಿ ಬರುವುದು ಹೇಗೆ? ಇಬ್ಬರನ್ನೂ ಮುಂದಿನ ಬೆಂಚಿನಲ್ಲಿ ಕೂರಿಸಿದೆ.

ಅಲ್ಲಿ ಕೂತ ಮೇಲೆ ಮಾದೇಶನ ಮುಖ ಬಿಳಿಚಿಕೊಂಡಿತು. ಯಾಕೆ ಎಂದು ನನಗೆ ಹೊಳೆಯಲಿಲ್ಲ. ಆಮೇಲೆ ಅವನ ಕಣ್ಣಿನಿಂದ ನೋಡಿದೆ. ಸಾಲು ಸಾಲು ಬೆಂಚು. ಮುಂದೆ ಎತ್ತರದ ಕಟ್ಟೆ, ಅದರ ಸುತ್ತ ಮರದ ಕಟಕಟೆ. ಅಯ್ಯನವರು (ನಮ್ಮ ಸಭಾಪಾಲಕರನ್ನು ನಾವು ಕರೆಯುವುದೇ ಹಾಗೆ) ಕಪ್ಪು ನಿಲುವಂಗಿ ತೊಟ್ಟು ಒಳಗೆ ಬಂದರು. ಎಲ್ಲರೂ ದಡಕ್ಕನೆ ಎದ್ದು ನಿಂತರು. ಅಯ್ಯನವರ ಕೈಯಲ್ಲಿ ದಪ್ಪನೆಯ ಪುಸ್ತಕ ಬೇರೆ!

ಗುರುಮಲ್ಲಪ್ಪನವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಮೇಡಂ, ದಿಟ ಏಳಿ. ಇದು ಕೋರ್ಟಲ್ಲ ತಾನೆ?"

"ಸುಮ್ಮನೆ ಕೂತುಕೊಳ್ಳಿ" ಎಂದೆ. ನನಗೆ ನಗು ಬಂದು ಹಾಡಿನ ಮೊದಲ ಸಾಲೇ ತಪ್ಪಿತು.

ಸಾರಮ್ಮ ಮಗಳ ಕೈ ಹಿಡಿದು ಕಟಕಟೆಯ ಹತ್ತಿರ ಹೋದಳು. ದೇವರಿಗೆ ಸ್ತೋತ್ರ ಹೇಳಿದಳು. ಡಾಕ್ಟರಿಗೆ ಹೇಳಿದಳು. ರಕ್ತ ಕೊಟ್ಟ ಅಳಿಯನಿಗೆ ಹೇಳಿದಳು. ಆಮೇಲೆ ಮುಂದಿನ ಬೆಂಚಿನ ಕಡೆ ಕೈ ತೋರಿಸಿದಳು.

"ಆ ದಿನ ಇವ್ರು ಬರ್ದೆ ಓಗಿದ್ರೆ ನಾನ್ ಕಾರ್ ಅತ್ತುತಿರ್ಲಿಲ್ಲ. ಇವ್ರು ಬಂದದ್ದು ಈ ಮಗನಿಂದ. ಇವ್ನ್ ಯಾರೋ, ನಾನ್ ಯಾರೋ. ನನ್ ಮುಖಾನೂ ನೋಡಿರ್ಲಿಲ್ಲ. ಏಳ್ ಮಗ, ಎದ್ದೇಳು. ನಿನ್ ಮುಖ ಎಲ್ರೂ ನೋಡ್ಲಿ."

ಮಾದೇಶ ಎದ್ದ. ಸಭೆಯೆಲ್ಲ ಅವನನ್ನೇ ನೋಡುತ್ತಿತ್ತು. ಅಯ್ಯನವರು ನಗುತ್ತ, "ಏನಾದರೂ ಹೇಳಬೇಕು ಅನ್ನಿಸಿದರೆ ಹೇಳಿ" ಎಂದರು. ಅವನು ತಾನಾಗಿಯೇ ಮುಂದೆ ಹೋಗಿ ಕಟಕಟೆ ಹಿಡಿದುಕೊಂಡ.

"ಸಾ, ನಾನು ನೋಡಿದ್ದು ನೋಡ್ದಂಗೆ ಏಳ್ತೀನಿ."

ಸಭೆ ನಕ್ಕಿತು. ಅವನು ನಗಲಿಲ್ಲ.

"ಅವತ್ತು ನಂಗ್ ಬೇಜಾರಾಗಿತ್ತು ಸಾ. ಅದ್ಕ್ ಮುಂಚಿನ್ ದಿನ ಸಾವ್ಕಾರ್ರು ಬೈದಿದ್ರು. ಈ ಟ್ರಿಪ್ ಒಡ್ದ್ಬುಟ್ಟು ಕೀ ಕೊಟ್ಟು ಊರಿಗ್ ಓಯ್ತೀನಿ ಅನ್ಕಂಡು ಬತ್ತಿದ್ದೆ. ಯಾರ್ಗೂ ನಿಲ್ಸಬಾರ್ದು ಅನ್ಕಂಡಿದ್ದೆ. ದಾಟ್ಕಂಡೂ ಓದೆ. ಆದ್ರೆ ಇವ್ರು ಕೆಸ್ರಲ್ಲಿ ನಿಂತ್ಕಂಡು ಪದ ಏಳ್ತಾವ್ರೆ! ಗಾಡಿ ಉಳ್ಕಂಡದೆ, ಮೈಯೆಲ್ಲ ಕೆಸ್ರು, ಇವ್ರು ನಕ್ಕಂಡು ಪದ ಏಳ್ತಾವ್ರೆ. ಇವ್ರೇ ಇಂಗಿರೋವಾಗ ನಂದೇನು ಮಾ ಕಷ್ಟ ಅನ್ನಿಸ್ತು. ನಿಲ್ಸ್ದೆ. ಎಳ್ದೆ. ಮೇಡಮ್ಮೋರು, ಅಚ್ಚುಕಟ್ಟಾಗಿ ಎಳ್ದೆ ಕಣಪ್ಪ ಅಂದ್ರು. ಇಷ್ಟು ವರ್ಸ ಗಾಡಿ ಓಡ್ಸಿವ್ನಿ, ಯಾರೂ ಅಂಗಂದಿರ್ಲಿಲ್ಲ. ಆ ಮಾತು ಫ್ಯಾಕ್ಟ್ರಿ ಗಂಟ ಕಿವೀಲೇ ಇತ್ತು. ಕೀ ಕೊಡ್ನಿಲ್ಲ. ಅಷ್ಟೆಯ ಸಾ, ನಾನ್ ನೋಡಿದ್ದು."

ಆಮೇಲೆ ಹಿಂದಿನ ಬೆಂಚಿನಿಂದ ಡೇನಿಯಲ್ "ಸ್ತೋತ್ರ!" ಎಂದು ಕೂಗಿದ. ಇಡೀ ಸಭೆ "ಸ್ತೋತ್ರ!" ಎಂದಿತು.

ಮಾದೇಶ ಬೆಚ್ಚಿಬಿದ್ದ. "ಯಾಕೆ, ಏನಾರ ತಪ್ಪ್ ಏಳ್ದ್ನಾ?"

ತಪ್ಪೇನೂ ಹೇಳಲಿಲ್ಲ. ನಮ್ಮ ಸಭೆಯಲ್ಲಿ ನಾನು ಬಹಳ ಸಾಕ್ಷಿಗಳನ್ನು ಕೇಳಿದ್ದೇನೆ. ಉದ್ದದವು, ಕಣ್ಣೀರಿನವು, ಮುಗಿಯಲಾರದವು. ನೋಡಿದ್ದನ್ನು ನೋಡಿದ ಹಾಗೆ ಹೇಳಿ ಕೂತವರು ಕಡಿಮೆ.

ನಾವು ಅವತ್ತು ಹಾಡಿದ್ದು ಭಕ್ತಿಯಿಂದಲ್ಲ. ಪ್ರಾಕ್ಟೀಸ್ ದಿನ ಪ್ರಾಕ್ಟೀಸ್ ಆಗಬೇಕು ಎಂಬ ನನ್ನ ಹಟಕ್ಕೆ. ಆ ಹಟವನ್ನೂ ದೇವರು ಒಂದು ಕೆಲಸಕ್ಕೆ ಹಚ್ಚಿದ್ದ. ನಾವು ಸಾರಮ್ಮನಿಗೆ ಧೈರ್ಯ ಹೇಳಲು ಹೋಗುತ್ತಿದ್ದೆವು. ಧೈರ್ಯ ದಾರಿಯಲ್ಲೇ ಬೇರೆ ಯಾರಿಗೋ ಚೆಲ್ಲಿತ್ತು. ಚೆಲ್ಲಿದ್ದು ನಮಗೆ ಗೊತ್ತೂ ಇರಲಿಲ್ಲ. ಎಷ್ಟು ಜನ ಹೀಗೆ ನಮ್ಮನ್ನು ದಾಟಿ ಹೋಗುತ್ತಿದ್ದಾರೋ, ನಮ್ಮ ಬಾಯಿಂದ ಅವರಿಗೆ ಗೊಣಗಾಟ ಕೇಳುತ್ತಿದೆಯೋ, ಹಾಡು ಕೇಳುತ್ತಿದೆಯೋ?

ಇಷ್ಟೂ ಹೊತ್ತು ಗುರುಮಲ್ಲಪ್ಪನವರು ತಲೆ ತಗ್ಗಿಸಿ ಕೂತಿದ್ದರು. ಬೈದದ್ದು ತಾವೇ ಎಂದು ಇಡೀ ಊರಿಗೆ ಗೊತ್ತಾಯಿತಲ್ಲ ಎಂಬ ಮುಜುಗರ ಇರಬೇಕು ಎಂದುಕೊಂಡೆ. ಮಾದೇಶ ಬಂದು ಪಕ್ಕದಲ್ಲಿ ಕೂತಾಗ ಅವರು ಅವನ ಕಡೆ ನೋಡದೆ, ಎದುರಿಗಿದ್ದ ಕುಂಬಳಕಾಯಿಯನ್ನು ನೋಡುತ್ತ ಹೇಳಿದರು.

"ಅಚ್ಚುಕಟ್ಟಾಗಿ ಮಾತಾಡ್ದೆ ಕಣ್ಲಾ."

ಮಾದೇಶನ ಮುಖ ನೀವು ನೋಡಬೇಕಿತ್ತು.

ಹರಾಜಿನಲ್ಲಿ ಬಾಳೆಗೊನೆ ಹೋಯಿತು, ತೆಂಗಿನಕಾಯಿ ಹೋಯಿತು, ಕುಂಬಳಕಾಯಿ ಹೋಯಿತು. ಕಬ್ಬಿನ ಹೊರೆ ಬಂದಾಗ ಯಾರೋ ಅಗ್ಗದ ಬೆಲೆ ಕೂಗಿದರು. ಗುರುಮಲ್ಲಪ್ಪನವರು ಎದ್ದು ನಿಂತರು. "ನನ್ ಕಬ್ಬು ಅಷ್ಟ್ ಕಮ್ಮಿನಾ?" ಎಂದು ದುಪ್ಪಟ್ಟು ಕೂಗಿದರು. ಡೇನಿಯಲ್ ಬೇಕೆಂದೇ ಏರಿಸಿದ. ಅವರು ಇನ್ನೂ ಏರಿಸಿದರು. ಕೊನೆಗೆ ತಾವು ತಂದ ಕಬ್ಬನ್ನು ತಾವೇ ಕೊಂಡು, ಮೀಸೆ ತಿರುವಿಕೊಂಡು, ಅಲ್ಲಿದ್ದ ಮಕ್ಕಳಿಗೆಲ್ಲ ಒಂದೊಂದು ಜಲ್ಲೆ ಹಂಚಿದರು.

ಊಟವಾಯಿತು. ಸಾರಮ್ಮ, ಡಾಕ್ಟರ್ ಬೇಡ ಎಂದಿದ್ದರೂ ಕೇಳದೆ, ಸೌಟು ಹಿಡಿದು ಮಾದೇಶನ ಎಲೆಗೆ ತಾನೇ ಬಡಿಸಿದಳು. ಎರಡನೇ ಸಲವೂ ಬಡಿಸಿದಳು. ಹೊರಡುವಾಗ ಅವನು ಗೇಟಿನ ಹತ್ತಿರ ನಿಂತು ತಿರುಗಿದ. ಈಗ ಅವನ ಮುಖದಲ್ಲಿ ಭಯ ಇರಲಿಲ್ಲ, ತುಂಟತನ ಇತ್ತು.

"ಮೇಡಮ್ಮೋರೇ, ಮುಂದಿನ್ ವಾಯ್ದೆ ಯಾವತ್ತು?"

"ಮುಂದಿನ ವರ್ಷ, ಇದೇ ಹಬ್ಬಕ್ಕೆ."

"ಸರಿ ಮೇಡಂ" ಎಂದರು ಗುರುಮಲ್ಲಪ್ಪನವರು. "ಬತ್ತೀವಿ. ಆದ್ರೆ ದಯವಿಟ್ಟು ನೀವ್ ಮಾತ್ರ ಫೋನ್ ಮಾಡ್ಬೇಡಿ. ಸಾರಮ್ಮೋರ ಕೈಲಿ ಮಾಡ್ಸಿ."

ಅಂದ ಹಾಗೆ ಓದುಗರೇ, ನಿಮ್ಮ ಕಡೆಯಿಂದ ಹೇಳಬೇಕಾದ ಸಾಕ್ಷಿ ಎಷ್ಟು ವಾಯ್ದೆಯಿಂದ ಬಾಕಿ ಇದೆ?